ಕಂಪನಿ ದುಡ್ಡು, ಊರಿನ ಆರೋಗ್ಯ: ಸಣ್ಣ ಸಂಸ್ಥೆ ಯಾರ ಹತ್ತಿರ ಕೇಳಬೇಕು?

ತಾಲ್ಲೂಕು ಮಟ್ಟದಲ್ಲಿ ಆರೋಗ್ಯದ ಕೆಲಸ ಮಾಡುವ ಟ್ರಸ್ಟು, ಸಂಘಗಳಿಗೆ ಕಂಪನಿಗಳ ದುಡ್ಡು ಬರುವ ದಾರಿ ಆರೇಳು ಇವೆ. ನಾವು ಎಲ್ಲವನ್ನೂ ಒಟ್ಟಿಗೆ ‘ಸಿಎಸ್‌ಆರ್’ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ದುಡ್ಡು) ಅಂದುಬಿಡುತ್ತೇವೆ. ಒಂದೊಂದರ ಷರತ್ತು ಬೇರೆ, ವಾಯಿದೆ ಬೇರೆ, ದುಡ್ಡು ಕೈಗೆ ಬರುವ ತಿಂಗಳೂ ಬೇರೆ. ಸಣ್ಣ ಸಂಸ್ಥೆಗಳಿಗೆ ಪ್ರಸ್ತಾವನೆ ಬರೆದುಕೊಡುವುದು, ಖರ್ಚಿನ ಲೆಕ್ಕ ಹೊಂದಿಸಿಕೊಡುವುದು ನನ್ನ ಕೆಲಸ. ಆದ್ದರಿಂದ ಈ ಹೋಲಿಕೆ ಪೂರ್ತಿಯಾಗಿ ಕೇಳುವವರ ಕಡೆಯಿಂದ ಮಾಡಿದ್ದು.

ಹೋಲಿಸಲು ನಾನು ಇಟ್ಟುಕೊಂಡಿರುವ ಪ್ರಶ್ನೆ ಒಂದೇ. ಮನೆಮನೆಗೆ ಹೋಗುವ ಕಾರ್ಯಕರ್ತೆಯ ಸಂಬಳವನ್ನು ಈ ದುಡ್ಡಿನಲ್ಲಿ ಕೊಡಬಹುದೇ? ಕೊಡಬಹುದಾದರೆ ಎಷ್ಟು ವರ್ಷ?

ಇದನ್ನೇ ಯಾಕೆ ಕೇಳುತ್ತೇನೆಂದರೆ, ಆರೋಗ್ಯದ ಕೆಲಸದ ಖರ್ಚೆಲ್ಲ ಜನರ ಮೇಲೆಯೇ ಬೀಳುತ್ತದೆ. ಒಂದು ಹೋಬಳಿಯಲ್ಲಿ ಬಿಪಿ, ಶುಗರ್ ಇರುವ 900 ಜನರನ್ನು ವರ್ಷಪೂರ್ತಿ ಹಿಂಬಾಲಿಸುವ ಕಾರ್ಯಕ್ರಮ ಅಂದುಕೊಳ್ಳಿ. ಆರು ಕಾರ್ಯಕರ್ತೆಯರು, ತಿಂಗಳಿಗೆ 14,000 ರೂಪಾಯಿಯಂತೆ ವರ್ಷಕ್ಕೆ 10.08 ಲಕ್ಷ. ಒಬ್ಬ ನರ್ಸ್, 24,000ದಂತೆ 2.88 ಲಕ್ಷ. ಅರ್ಧ ದಿನ ಬಂದು ಲೆಕ್ಕ ಬರೆಯುವವರಿಗೆ 1.44 ಲಕ್ಷ. ಬಿಪಿ ಮಿಷನ್, ಗ್ಲುಕೋಮೀಟರ್, ಸ್ಟ್ರಿಪ್‌ಗೆ ಒಂದೂವರೆ ಲಕ್ಷ. ಓಡಾಟಕ್ಕೆ 1.8 ಲಕ್ಷ, ತರಬೇತಿ ಮತ್ತು ಕಾರ್ಡು, ರಿಜಿಸ್ಟರ್ ಮುದ್ರಣಕ್ಕೆ 80 ಸಾವಿರ. ಒಟ್ಟು 18.5 ಲಕ್ಷ. ಇದು ಅಂದಾಜು ಲೆಕ್ಕ, ನಿಮ್ಮ ಊರಲ್ಲಿ ಹೆಚ್ಚುಕಡಿಮೆ ಇರಬಹುದು. ಆದರೆ ಇದರಲ್ಲಿ 14.4 ಲಕ್ಷ, ಅಂದರೆ ಮುಕ್ಕಾಲಿಗಿಂತ ಹೆಚ್ಚು, ಸಂಬಳ. ಮಾತ್ರೆಯ ಸಾಲೇ ಇಲ್ಲ. ಅದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಸಿಗುವ ಮಾತ್ರೆಯನ್ನು ತಿಂಗಳು ತಿಂಗಳೂ ತರುವಂತೆ, ನುಂಗುವಂತೆ ನೋಡಿಕೊಳ್ಳುವ ಮನುಷ್ಯರಿಗೇ ಈ ದುಡ್ಡು ಬೇಕು. ಈ ಪಟ್ಟಿ ನೋಡಿದ ಕೂಡಲೇ ಬಹಳಷ್ಟು ಕಂಪನಿಗಳು ಕೇಳುವ ಮಾತು ಒಂದೇ: “ಸಂಬಳವೇ ಇಷ್ಟಾದರೆ ಜನಕ್ಕೆ ಹೋಗುವುದೇನು?”

ನೇರ ಸಿಎಸ್‌ಆರ್

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಂದು ಜಾರಿಗೆ ಬಂತು. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ: ಈ ಮೂರರಲ್ಲಿ ಯಾವುದಾದರೂ ಒಂದು ಗೆರೆ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಎಂದು ಆ ಕಾಯ್ದೆ ಹೇಳಿತು. ಏಳನೇ ಅನುಸೂಚಿಯ ಮೊದಲ ಬಾಬಿನಲ್ಲೇ ಹಸಿವು, ಅಪೌಷ್ಟಿಕತೆ, ಆರೋಗ್ಯ, ರೋಗ ತಡೆ, ನೈರ್ಮಲ್ಯ, ಕುಡಿಯುವ ನೀರು ಇವೆ. ಹಾಗಾಗಿ ನಿಮ್ಮ ಕೆಲಸ ಅದರೊಳಗೆ ಬರುತ್ತದೋ ಇಲ್ಲವೋ ಎಂಬ ಚಿಂತೆ ಬೇಡ.

ನಮ್ಮವರು ಎಡವುವುದು ಕಂಪನಿಯನ್ನು ಆರಿಸುವಾಗ. ಎಲ್ಲರೂ ಓಡುವುದು ಟಿವಿಯಲ್ಲಿ ಹೆಸರು ಕೇಳಿದ ದೊಡ್ಡ ಕಂಪನಿಗಳ ಹತ್ತಿರ. ಅಲ್ಲಿ ಪ್ರಸ್ತಾವನೆಗಳ ರಾಶಿ ಬಿದ್ದಿರುತ್ತದೆ, ಓದುವವರು ಇಬ್ಬರೋ ಮೂವರೋ. ಅದೇ ಸರಾಸರಿ 8 ಕೋಟಿ ಲಾಭ ಇರುವ ಪೀಣ್ಯದ ಒಂದು ಕಾರ್ಖಾನೆಯನ್ನೋ, ಬೆಳಗಾವಿಯ ಒಂದು ಫೌಂಡ್ರಿಯನ್ನೋ, ಕೊಪ್ಪಳದ ಗಿಣಿಗೇರಾ ಕಡೆಯ ಒಂದು ಉಕ್ಕಿನ ಘಟಕವನ್ನೋ ಯೋಚಿಸಿ. ಅದರ ಬಾಧ್ಯತೆ ವರ್ಷಕ್ಕೆ 16 ಲಕ್ಷ. ಬಾಧ್ಯತೆ 50 ಲಕ್ಷ ದಾಟದಿದ್ದರೆ ಪ್ರತ್ಯೇಕ ಸಿಎಸ್‌ಆರ್ ಸಮಿತಿಯೂ ಬೇಕಿಲ್ಲ, ನಿರ್ದೇಶಕ ಮಂಡಳಿಯೇ ತೀರ್ಮಾನ ಮಾಡಬಹುದು. ಮಾಲೀಕರೇ ಎದುರಿಗೆ ಸಿಗುತ್ತಾರೆ, ಅವರ ಕಾರ್ಮಿಕರ ಮನೆಯವರೇ ನಿಮ್ಮ ಕಾರ್ಯಕ್ರಮದ ಹಳ್ಳಿಗಳಲ್ಲಿ ಇರುತ್ತಾರೆ. ಕಾಯ್ದೆಯೂ ಕಂಪನಿ ಇರುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಕೊಡಿ ಎನ್ನುತ್ತದೆ. ಇಂಥ ಎರಡು ಕಂಪನಿಗಳು ಒಪ್ಪಿದರೆ ಮೇಲಿನ ಹೋಬಳಿ ಕಾರ್ಯಕ್ರಮ ನಡೆದುಹೋಗುತ್ತದೆ. ಸಣ್ಣ ಸಂಸ್ಥೆಗೆ ನನ್ನ ಮೊದಲ ಆಯ್ಕೆ ಇದೇ. ಒಂದೇ ಎಚ್ಚರಿಕೆ: ಇಂಥ ಕಂಪನಿಗಳ ಲಾಭ ಏರುಪೇರಾದರೆ ನಿಮ್ಮ ಕಂತೂ ಏರುಪೇರಾಗುತ್ತದೆ.

ಇನ್ನು ಸಂಬಳದ ತಕರಾರು. “ಆಡಳಿತ ವೆಚ್ಚ ಶೇ. 5ಕ್ಕಿಂತ ಹೆಚ್ಚು ಕೊಡುವ ಹಾಗಿಲ್ಲ, ಕಾನೂನೇ ಹಾಗಿದೆ” ಎಂದು ಎದುರಿಗಿದ್ದವರು ಹೇಳುವುದುಂಟು. ಆ ಶೇ. 5ರ ಮಿತಿ ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡಿಕೊಳ್ಳುವ ಖರ್ಚಿಗೆ. ಕೆಲಸ ಮಾಡುವ ಸಂಸ್ಥೆಯ ನಿರ್ವಹಣಾ ಖರ್ಚು ಆ ಲೆಕ್ಕಕ್ಕೆ ಬರುವುದಿಲ್ಲ ಎಂದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2021ರ ಆಗಸ್ಟ್‌ನಲ್ಲಿ ಹೊರಡಿಸಿದ ಪ್ರಶ್ನೋತ್ತರ ರೂಪದ ಸುತ್ತೋಲೆಯಲ್ಲೇ ಇದೆ. ಅದರ ಒಂದು ಪ್ರತಿ ಫೈಲಿನಲ್ಲಿ ಇಟ್ಟುಕೊಂಡು ಹೋಗಿ. ಜಗಳಕ್ಕಲ್ಲ, ಅಲ್ಲಿನ ಕಿರಿಯ ಅಧಿಕಾರಿಗೆ ತನ್ನ ಮೇಲಿನವರಿಗೆ ತೋರಿಸಲು ಒಂದು ಕಾಗದ ಬೇಕಾಗಿರುತ್ತದೆ. ಬಜೆಟ್ ಬರೆಯುವಾಗಲೂ ಕಾರ್ಯಕರ್ತೆಯ ಸಂಬಳವನ್ನು ‘ಸಿಬ್ಬಂದಿ ವೆಚ್ಚ’ ಎಂಬ ತಲೆಬರಹದಡಿ ಗುಡ್ಡೆ ಹಾಕಬೇಡಿ. ‘ತಿಂಗಳಿಗೆ 900 ಮನೆ ಭೇಟಿ’ ಎಂಬ ಕೆಲಸದ ಸಾಲಿನಲ್ಲಿ ಬರೆಯಿರಿ. ಅದು ಮರೆಮಾಚುವ ಉಪಾಯವೇನೂ ಅಲ್ಲ, ಆ ದುಡ್ಡು ಹೋಗುವುದೇ ಅಲ್ಲಿಗೆ.

ಎರಡನೆಯ ತಕರಾರು ‘ಫಲಾನುಭವಿ’ ಲೆಕ್ಕ. ಭಾನುವಾರ ಶಾಲಾ ಆವರಣದಲ್ಲಿ ಶಾಮಿಯಾನ ಹಾಕಿ ತಪಾಸಣಾ ಶಿಬಿರ ಮಾಡಿದರೆ 60 ಸಾವಿರದಲ್ಲಿ 300 ಜನರನ್ನು ನೋಡಬಹುದು. ತಲೆಗೆ 200 ರೂಪಾಯಿ. ನಮ್ಮ ಹೋಬಳಿ ಕಾರ್ಯಕ್ರಮದಲ್ಲಿ ತಲೆಗೆ 2,000 ದಾಟುತ್ತದೆ. ಕಾಗದದ ಮೇಲೆ ಶಿಬಿರವೇ ಗೆಲ್ಲುತ್ತದೆ, ಜೊತೆಗೆ ಬ್ಯಾನರಿನ ಫೋಟೋ ಬೇರೆ. ಇದಕ್ಕೆ ವಾದ ಮಾಡಿ ಪ್ರಯೋಜನವಿಲ್ಲ, ಅಳತೆಯನ್ನೇ ಬದಲಿಸಬೇಕು. 2017ರಲ್ಲಿ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲಿ ಬಳಸುವ ಅಳತೆ ಸರಳವಾಗಿದೆ: ನೋಂದಾಯಿಸಿದವರಲ್ಲಿ ಎಷ್ಟು ಜನರ ಬಿಪಿ 140/90ಕ್ಕಿಂತ ಕೆಳಗಿದೆ? ಮೂರು ತಿಂಗಳಿಗೊಮ್ಮೆ ಈ ಒಂದು ಅಂಕಿಯನ್ನು ಕೊಡುತ್ತೇವೆ ಎಂದು ಪ್ರಸ್ತಾವನೆಯಲ್ಲೇ ಬರೆದರೆ, ಶಿಬಿರದವರು ಆ ಅಂಕಿ ಕೊಡಲಾರರು. ಲೆಕ್ಕಪತ್ರ ಓದಿ ಬಂದ ಮಾಲೀಕರಿಗೆ ಇದು ಬೇಗ ಹಿಡಿಸುತ್ತದೆ.

ಮೂರನೆಯದು ಮಾರ್ಚ್ ತಿಂಗಳು. ಫೆಬ್ರವರಿ ಕೊನೆಗೆ ಫೋನ್ ಬರುತ್ತದೆ: “ಹತ್ತು ಲಕ್ಷ ಇದೆ, 31ರೊಳಗೆ ಖರ್ಚು ಮಾಡಿ ಯುಸಿ ಕೊಡ್ತೀರಾ?” ಯುಸಿ ಅಂದರೆ ದುಡ್ಡು ಬಳಸಿದ್ದೇವೆ ಎಂದು ಕೊಡುವ ಪ್ರಮಾಣಪತ್ರ. ನಿಮ್ಮ ಖಾತೆಗೆ ಹಾಕಿದ ಮಾತ್ರಕ್ಕೆ ಅದು ಕಂಪನಿಯ ಖರ್ಚು ಎನಿಸುವುದಿಲ್ಲ, ನೀವು ಬಳಸಿರಬೇಕು. ಅದಕ್ಕೇ ಅವರಿಗೆ ಅಷ್ಟು ಅವಸರ. ಒಂದು ತಿಂಗಳಲ್ಲಿ ಹತ್ತು ಲಕ್ಷವನ್ನು ಆರೋಗ್ಯಕ್ಕೆ ಸರಿಯಾಗಿ ಖರ್ಚು ಮಾಡಲು ಆಗುವುದಿಲ್ಲ. ಮಿಷನ್ ಕೊಂಡುಹಾಕಬಹುದು, ಅಷ್ಟೇ. ಇದಕ್ಕೊಂದು ಕಾನೂನಿನ ದಾರಿ ಇದೆ. ನಿಮ್ಮ ಕೆಲಸವನ್ನು ನಿರ್ದೇಶಕ ಮಂಡಳಿ ‘ಚಾಲ್ತಿ ಯೋಜನೆ’ ಎಂದು ಮಂಜೂರು ಮಾಡಿದ್ದರೆ, ಉಳಿದ ದುಡ್ಡನ್ನು ಏಪ್ರಿಲ್ 30ರೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿ ಮುಂದಿನ ಮೂರು ಹಣಕಾಸು ವರ್ಷಗಳಲ್ಲಿ ಬಳಸಬಹುದು. ಹಾಗೆ ಮಂಜೂರಾಗದಿದ್ದರೆ ಉಳಿಕೆ ಆರು ತಿಂಗಳೊಳಗೆ ಪ್ರಧಾನಿ ಪರಿಹಾರ ನಿಧಿಯಂಥ ನಿಧಿಗೆ ಹೋಗಬೇಕು. ಅಂದರೆ ಮೊದಲ ಭೇಟಿಯಲ್ಲೇ ಕೇಳಬೇಕಾದ ಮಾತು “ಎಷ್ಟು ಕೊಡುತ್ತೀರಿ?” ಎಂಬುದಕ್ಕಿಂತ “ಇದನ್ನು ಚಾಲ್ತಿ ಯೋಜನೆ ಎಂದು ಮಾಡಿಸಬಹುದೇ ಸಾರ್?” ಎಂಬುದು. ಶುರುವಾದ ವರ್ಷ ಬಿಟ್ಟು ಮತ್ತೆ ಮೂರು ವರ್ಷದವರೆಗೆ ಅವಕಾಶವಿದೆ. ಸಂಬಳ ಕೊಡಬೇಕಾದ ಕಾರ್ಯಕ್ರಮಕ್ಕೆ ಇದಕ್ಕಿಂತ ದೊಡ್ಡ ಅನುಕೂಲ ಈ ಕಾಯ್ದೆಯಲ್ಲಿ ಇನ್ನೊಂದಿಲ್ಲ.

ಅರ್ಹತೆಯ ವಿಚಾರ: 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ), 80ಜಿ (ದಾನಿಗೆ ತೆರಿಗೆ ರಿಯಾಯಿತಿ) ಎಂದು ಎಲ್ಲರೂ ಕರೆಯುವ ತೆರಿಗೆ ನೋಂದಣಿಗಳು, 2021ರ ಏಪ್ರಿಲ್‌ನಿಂದ ಕಡ್ಡಾಯವಾಗಿರುವ ಸಿಎಸ್‌ಆರ್-1 ನೋಂದಣಿ ಸಂಖ್ಯೆ, ಇಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವ. ಮೂರು ವರ್ಷ ಆಗಿರದಿದ್ದರೆ ಈ ಬಾಗಿಲು ಸದ್ಯಕ್ಕೆ ಮುಚ್ಚಿದೆ ಎಂದುಕೊಳ್ಳಿ.

ಪ್ರತಿಷ್ಠಾನಗಳು: ಎರಡು ಜಾತಿ

ಹೆಸರಲ್ಲಿ ‘ಫೌಂಡೇಶನ್’ ಇದ್ದರೆ ಎಲ್ಲವೂ ಒಂದೇ ಅಲ್ಲ. 1996ರಲ್ಲಿ ಶುರುವಾದ ಇನ್ಫೋಸಿಸ್ ಪ್ರತಿಷ್ಠಾನದಂಥವು ಕಂಪನಿಯ ಸಿಎಸ್‌ಆರ್ ದುಡ್ಡನ್ನೇ ಖರ್ಚು ಮಾಡುತ್ತವೆ, ಮೇಲೆ ಹೇಳಿದ ನಿಯಮಗಳೆಲ್ಲ ಅವಕ್ಕೂ ಅನ್ವಯ. ಬೆಂಗಳೂರಿನ ಜಯದೇವ ಆಸ್ಪತ್ರೆ ಆವರಣದಲ್ಲಿ 2021ರಲ್ಲಿ ತೆರೆದ 350 ಹಾಸಿಗೆಗಳ ಕಟ್ಟಡ ಈ ಪ್ರತಿಷ್ಠಾನ ಕಟ್ಟಿಸಿಕೊಟ್ಟದ್ದು. ಕಟ್ಟಿಕೊಟ್ಟವರು ಒಬ್ಬರು, ನಡೆಸುವುದು ಸರ್ಕಾರದ ಸ್ವಾಯತ್ತ ಸಂಸ್ಥೆ. ಕಟ್ಟಡಕ್ಕೆ ದುಡ್ಡು ಹಾಕುವುದಿದ್ದರೆ ಹೀಗೇ ಆಗಬೇಕು: ವೈದ್ಯರು, ನರ್ಸುಗಳ ಸಂಬಳಕ್ಕೆ ಬೇರೆ ಖಚಿತ ಮೂಲ ಇರುವ ಕಡೆ.

ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಇನ್ನೊಂದು ಜಾತಿ. ಅದರ ಮೂಲನಿಧಿ ಪ್ರೇಮ್‌ಜಿಯವರ ಸ್ವಂತ ಷೇರುಗಳಿಂದ ಬಂದದ್ದು, ಹಾಗಾಗಿ 135ನೇ ಸೆಕ್ಷನ್ನಿನ ಮಾರ್ಚ್ ಗಡಿಯಾರ ಅಲ್ಲಿ ಓಡುವುದಿಲ್ಲ. ಈ ಪ್ರತಿಷ್ಠಾನ 2024ರ ಜುಲೈನಲ್ಲಿ ರಾಜ್ಯ ಸರ್ಕಾರದ ಜೊತೆ ಮಾಡಿಕೊಂಡ ಒಪ್ಪಂದ ನೋಡಿ: ಮೂರು ವರ್ಷಕ್ಕೆ ಸುಮಾರು 1,500 ಕೋಟಿ, ಶಾಲೆಗಳಲ್ಲಿ ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ ಆರು ದಿನವಾಯಿತು. ಸರ್ಕಾರ ಆಗಲೇ ನಡೆಸುತ್ತಿದ್ದ ಬಿಸಿಯೂಟಕ್ಕೆ ಉಳಿದ ನಾಲ್ಕು ದಿನ ಸೇರಿಸಿದ್ದು ಇದರ ಜಾಣತನ. ಹೊಸ ಅಡುಗೆಮನೆ, ಹೊಸ ಹೆಸರು ಯಾವುದೂ ಬೇಕಾಗಲಿಲ್ಲ. ಇಂಥ ದಾನಿಗಳು ಸಂಸ್ಥೆಯನ್ನೇ ನೋಡಿ ದುಡ್ಡು ಕೊಡುತ್ತಾರೆ, ಸಂಬಳಕ್ಕೆ ಮುಖ ಸಿಂಡರಿಸುವುದಿಲ್ಲ. ಬದಲಿಗೆ ಪ್ರಶ್ನೆ ಹೆಚ್ಚು, ಕ್ಷೇತ್ರ ಭೇಟಿ ಹೆಚ್ಚು, ತೀರ್ಮಾನಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಕೈಯಲ್ಲಿ ಆರೇಳು ತಿಂಗಳ ಖರ್ಚಿಗೆ ದುಡ್ಡಿದ್ದಾಗಲೇ ಇಲ್ಲಿ ಅರ್ಜಿ ಹಾಕಬೇಕು, ಖಾಲಿಯಾದ ಮೇಲೆ ಅಲ್ಲ.

ವಿದೇಶಿ ಪ್ರತಿಷ್ಠಾನದ ದುಡ್ಡಾದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ಬೇಕು, ಆಡಳಿತ ವೆಚ್ಚ ಶೇ. 20 ದಾಟಬಾರದು. ಹೋಬಳಿ ಮಟ್ಟದ ಸಂಸ್ಥೆಗೆ ಅದರ ಗೊಡವೆ ಬೇಡ ಎಂಬುದು ನನ್ನ ಅಭಿಪ್ರಾಯ.

ಸಾರ್ವಜನಿಕ ಉದ್ಯಮಗಳು

ಎಚ್‌ಎಎಲ್, ಬಿಇಎಲ್, ಎಂಆರ್‌ಪಿಎಲ್‌ನಂಥ ಕೇಂದ್ರ ಉದ್ಯಮಗಳು ಸಿಎಸ್‌ಆರ್‌ನ ಬಹುಪಾಲನ್ನು ಕೇಂದ್ರ ಸರ್ಕಾರ ಸೂಚಿಸುವ ವಿಷಯಕ್ಕೆ ಕೊಡಬೇಕೆಂದು 2018ರ ಮಾರ್ಗಸೂಚಿ ಇದೆ, ಆರೋಗ್ಯ ಮತ್ತು ಪೌಷ್ಟಿಕತೆ ಆ ವಿಷಯಗಳಲ್ಲಿ ಒಂದು. ಹಿಂದುಳಿದವೆಂದು ಕೇಂದ್ರ ಗುರುತಿಸಿದ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳಿಗೆ ಆದ್ಯತೆ. ನಮ್ಮಲ್ಲಿ ಅವು ರಾಯಚೂರು ಮತ್ತು ಯಾದಗಿರಿ. ಈ ಎರಡು ಜಿಲ್ಲೆಯಲ್ಲಿ ಕೆಲಸ ಮಾಡುವವರು ಖಂಡಿತ ಪ್ರಯತ್ನಿಸಿ. ಕಾಗದ ಪತ್ರ ಹೆಚ್ಚು, ಜಿಲ್ಲಾಡಳಿತದ ಶಿಫಾರಸು ಕೇಳುತ್ತಾರೆ, ಕೊನೆಯ ಕಂತು ವರದಿ ಒಪ್ಪಿದ ಮೇಲೆಯೇ ಬರುತ್ತದೆ. ಆ ಕಂತು ಬರುವತನಕ ಸಂಬಳಕ್ಕೆ ಕೈಗಡ ಮಾಡುವ ಶಕ್ತಿ ಇಲ್ಲದ ಸಂಸ್ಥೆ ನಡುನೀರಲ್ಲಿ ಸಿಕ್ಕಿಕೊಳ್ಳುತ್ತದೆ. ಇವರಿಗೆ ಕಟ್ಟಡ, ಉಪಕರಣದ ಮೇಲೆ ಒಲವು ಜಾಸ್ತಿ, ಸಂಬಳದ ಮೇಲೆ ಕಮ್ಮಿ.

ಆಂಬುಲೆನ್ಸ್, ಮಿಷನ್, ಕಿಟ್

ವಸ್ತುರೂಪದ ದಾನ ಬೇಡ ಅನ್ನುವುದು ಕಷ್ಟ. ಕೀಲಿಕೈ ಕೊಡುವ ಫೋಟೋ ಪೇಪರಿನಲ್ಲಿ ಬರುತ್ತದೆ, ಶಾಸಕರೂ ಬರುತ್ತಾರೆ. ಕೀಲಿಕೈ ಕೈಗೆ ಬಂದ ಮಾರನೆಯ ದಿನದಿಂದ ಲೆಕ್ಕ ನಿಮ್ಮದು. ಆಂಬುಲೆನ್ಸ್ ಹಗಲು ರಾತ್ರಿ ಓಡಬೇಕಾದರೆ ಒಬ್ಬ ಡ್ರೈವರ್ ಸಾಲದು, ಡೀಸೆಲ್, ಇನ್ಶೂರೆನ್ಸ್, ಎಫ್‌ಸಿ, ಟೈರು, ಒಳಗಿನ ಆಕ್ಸಿಜನ್ ಸಿಲಿಂಡರ್ ತುಂಬಿಸುವುದು. ರಕ್ತಪರೀಕ್ಷೆಯ ಅನಲೈಸರ್ ಆದರೆ ರೀಏಜೆಂಟ್ (ಪರೀಕ್ಷೆಗೆ ಬೇಕಾದ ರಾಸಾಯನಿಕ), ಎಎಂಸಿ (ವಾರ್ಷಿಕ ದುರಸ್ತಿ ಒಪ್ಪಂದ), ಕರೆಂಟ್ ಏರಿಳಿತಕ್ಕೆ ಯುಪಿಎಸ್, ಎಲ್ಲಕ್ಕಿಂತ ಮೊದಲು ಒಬ್ಬ ಲ್ಯಾಬ್ ಟೆಕ್ನಿಷಿಯನ್. ಲ್ಯಾಬ್ ಎಂದು ಶುರು ಮಾಡಿದರೆ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ, ಜೈವಿಕ ತ್ಯಾಜ್ಯಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ. ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದ ಮಿಷನ್ನುಗಳು ಎಷ್ಟೋ ಸಂಸ್ಥೆಗಳ ಮೂಲೆಯಲ್ಲಿ ಕೂತಿವೆ. ಪಕ್ಕದಲ್ಲಿ ಅವಧಿ ಮುಗಿದ ರೀಏಜೆಂಟ್ ಡಬ್ಬಿ, ಮೇಲೆ ದಾನಿಗಳ ಹೆಸರಿನ ಹಿತ್ತಾಳೆ ಫಲಕ ಮಾತ್ರ ಫಳಫಳ. ಆನೆ ಕೊಟ್ಟವರನ್ನು ಮೇವಿನ ಬಗ್ಗೆಯೂ ಕೇಳಬೇಕು. ಎರಡು ವರ್ಷದ ನಡೆಸುವ ಖರ್ಚು ಜೊತೆಗೆ ಕೊಟ್ಟರೆ ಒಪ್ಪಿ. ಇಲ್ಲದಿದ್ದರೆ ಅದನ್ನು ತಾಲ್ಲೂಕು ಆಸ್ಪತ್ರೆಗೆ ಕೊಡಲು ಹೇಳಿ, ಟಿಎಚ್‌ಓ (ತಾಲ್ಲೂಕು ಆರೋಗ್ಯಾಧಿಕಾರಿ) ಹತ್ತಿರ ನೀವೇ ಕರೆದುಕೊಂಡು ಹೋಗಿ. ಹಾಗೆ ಮಾಡಿದವರನ್ನು ಕಂಪನಿ ಮರೆಯುವುದಿಲ್ಲ.

ಆಹಾರದ ಕಿಟ್ ವಿಷಯ ಬೇರೆ. 2022ರ ಸೆಪ್ಟೆಂಬರ್‌ನಲ್ಲಿ ಶುರುವಾದ ನಿ-ಕ್ಷಯ ಮಿತ್ರ ವ್ಯವಸ್ಥೆಯಲ್ಲಿ ಕಂಪನಿಗಳು ಕ್ಷಯರೋಗಿಗಳಿಗೆ ತಿಂಗಳು ತಿಂಗಳೂ ಬೇಳೆ, ಕಾಳು, ಎಣ್ಣೆ, ಹಾಲಿನ ಪುಡಿ ಕೊಡಬಹುದು. ಚಿಕಿತ್ಸೆ ಸರ್ಕಾರದ್ದು, ಪಟ್ಟಿ ಸರ್ಕಾರದ್ದು, ನಿಮ್ಮ ಕೆಲಸ ತಲುಪಿಸುವುದು. ಹೊಸ ಕಂಪನಿಯ ಜೊತೆ ಪರಿಚಯ ಬೆಳೆಸಲು ಇದು ಒಳ್ಳೆಯ ಮೊದಲ ಹೆಜ್ಜೆ, ಖರ್ಚೂ ಕಡಿಮೆ. ಫೋಟೋ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಕಿಟ್ ಹಿಡಿದು ಸಾಲಾಗಿ ನಿಂತ ರೋಗಿಗಳ ಫೋಟೋ ವಾಟ್ಸಾಪಿನಲ್ಲಿ ಹೋದರೆ ಅದರಲ್ಲಿರುವ ಹೆಣ್ಣುಮಗಳಿಗೆ ಊರಲ್ಲಿ ಏನಾಗುತ್ತದೆ ಎಂದು ಯೋಚಿಸಿ. ಎಚ್‌ಐವಿ ಇದ್ದವರ ಗುರುತು ಗುಟ್ಟಾಗಿಡುವುದಂತೂ 2017ರ ಕಾಯ್ದೆಯ ಪ್ರಕಾರ ಕಡ್ಡಾಯ. ಮಾನಸಿಕ ಆರೋಗ್ಯದ ಕೆಲಸಕ್ಕೆ ದುಡ್ಡು ಹುಟ್ಟದಿರುವುದಕ್ಕೂ ಇದೇ ಒಂದು ಕಾರಣ: ಅಲ್ಲಿ ತೋರಿಸಲು ಫೋಟೋ ಇರುವುದಿಲ್ಲ, ಇರಲೂಬಾರದು.

ಉಳಿದ ದಾರಿಗಳು

ನೌಕರರು ಸಂಬಳದಲ್ಲಿ ಹಿಡಿಸಿ ಕೊಡುವ ದುಡ್ಡು, 2008ರಿಂದ ನಡೆಯುತ್ತಿರುವ ಬೆಂಗಳೂರಿನ ವರ್ಲ್ಡ್ 10ಕೆಯಂಥ ಓಟಗಳಲ್ಲಿ ಓಟಗಾರರು ಕೂಡಿಸಿಕೊಡುವ ದುಡ್ಡು: ಮೊತ್ತ ಸಣ್ಣದು, ಸ್ವಾತಂತ್ರ್ಯ ದೊಡ್ಡದು. ಮ್ಯಾರಥಾನ್ ಪ್ರಾಯೋಜಿಸುವುದು ಕಂಪನಿಗೆ ಸಿಎಸ್‌ಆರ್ ಎನಿಸುವುದಿಲ್ಲ ಎಂದು 2014ರ ಸುತ್ತೋಲೆಯೇ ಹೇಳಿದೆ, ಆದರೆ ಜನ ಸ್ವಂತ ಜೇಬಿನಿಂದ ಕೊಟ್ಟದ್ದಕ್ಕೆ ಆ ಕಟ್ಟುಪಾಡಿಲ್ಲ. ಕಂಪನಿ ಕೊಡದ ಬಾಡಿಗೆ, ಆಡಿಟ್ ಫೀಸು, ಹೆರಿಗೆ ರಜೆಯ ಸಂಬಳ ಇದರಿಂದ ನಡೆಯುತ್ತದೆ. ರಸೀದಿ, 80ಜಿ ಪ್ರಮಾಣಪತ್ರ ತಪ್ಪದೆ ಕೊಡಿ. ಮೂರು ವರ್ಷ ತುಂಬದ ಸಂಸ್ಥೆ ಶುರು ಮಾಡಬೇಕಾದ್ದು ಇಲ್ಲಿಂದ, ಅಥವಾ ದೊಡ್ಡ ಸಂಸ್ಥೆಯೊಂದರ ಕೈಕೆಳಗೆ.

ಕೈಕೆಳಗೆ ಕೆಲಸ ಮಾಡುವುದಾದರೆ ನಿಮ್ಮ ಪಾಲಿನ ಬಜೆಟ್ಟನ್ನೂ ನಿಮ್ಮ ಹೆಸರನ್ನೂ ಕಂಪನಿ ನೋಡಿ ಒಪ್ಪಿದೆ ಎಂಬುದು ಬರಹದಲ್ಲಿರಲಿ. ಎಫ್‌ಸಿಆರ್‌ಎ ದುಡ್ಡನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದು 2020ರ ತಿದ್ದುಪಡಿಯಿಂದ ನಿಷಿದ್ಧ, “ಏನೂ ಆಗಲ್ಲ ಬಿಡಿ” ಎಂದರೆ ನಂಬಬೇಡಿ.

ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ (ಸಮಾಜಸೇವಾ ಸಂಸ್ಥೆಗಳು ದುಡ್ಡು ಎತ್ತಲು ಇರುವ ಷೇರುಪೇಟೆಯ ವಿಭಾಗ) ಬಗ್ಗೆ ಬಹಳ ಜನ ಕೇಳುತ್ತಾರೆ. 2023ರ ಡಿಸೆಂಬರ್‌ನಲ್ಲಿ ಅಲ್ಲಿ ಮೊದಲು ಪಟ್ಟಿಯಾದದ್ದು ಬೆಂಗಳೂರಿನ ಉನ್ನತಿ ಫೌಂಡೇಶನ್, ನಿಜ. ಆದರೆ ನೋಂದಣಿಗೇ ವರ್ಷಕ್ಕೆ 50 ಲಕ್ಷದ ಖರ್ಚು ತೋರಿಸಬೇಕು. 18 ಲಕ್ಷದ ಕಾರ್ಯಕ್ರಮಕ್ಕೆ ಅದು ಸದ್ಯಕ್ಕೆ ಮಾತಿಗಷ್ಟೇ.

ಬೇಡ ಅನ್ನಬೇಕಾದ ದುಡ್ಡು

ತಂಬಾಕು ಕಂಪನಿಯಿಂದ ಕ್ಯಾನ್ಸರ್ ತಪಾಸಣೆಗೆ, ಸಾರಾಯಿ ಕಂಪನಿಯಿಂದ ಮನೋಸ್ವಾಸ್ಥ್ಯಕ್ಕೆ ದುಡ್ಡು ತೆಗೆದುಕೊಳ್ಳಬಾರದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಶಿಶು ಆಹಾರದ ಕಂಪನಿಗಳು ಆರೋಗ್ಯ ಕಾರ್ಯಕರ್ತರಿಗೆ ಯಾವುದೇ ಆಮಿಷ ಒಡ್ಡುವುದನ್ನು 1992ರ ಕಾಯ್ದೆಯೇ ತಡೆದಿದೆ, ಅದು ಉಡುಗೊರೆ ರೂಪದಲ್ಲಿ ಬಂದರೂ. ಕಷ್ಟವಾಗುವುದು ಊರಿನ ಪಕ್ಕದಲ್ಲೇ ಹೊಗೆ, ದೂಳು ಬಿಡುವ ಕಾರ್ಖಾನೆ ಉಸಿರಾಟದ ತಪಾಸಣೆಗೆ ದುಡ್ಡು ಕೊಡುತ್ತೇನೆ ಎಂದಾಗ. ಕೆಲವರು ಬೇಡವೇ ಬೇಡ ಅನ್ನುತ್ತಾರೆ. ತಪಾಸಣೆಯ ಅಂಕಿಗಳನ್ನು ಗ್ರಾಮಸಭೆಯಲ್ಲಿ ಓದಲು, ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಡಲು ಕಂಪನಿ ಒಪ್ಪಂದದಲ್ಲೇ ಸಮ್ಮತಿಸಿದರೆ ತೆಗೆದುಕೊಳ್ಳಬಹುದು ಎಂಬುದು ನನ್ನ ನಿಲುವು. ಒಪ್ಪದಿದ್ದರೆ ಆ ದುಡ್ಡು ಯಾತಕ್ಕೆ ಬಂದಿದೆ ಎಂದು ನಿಮಗೆ ಅಲ್ಲೇ ಗೊತ್ತಾಗುತ್ತದೆ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು

ಡಿಎಚ್‌ಓ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಯ ಪತ್ರ ಮೊದಲು ಪಡೆಯಿರಿ. ಮನೆ ಬಾಗಿಲಲ್ಲೇ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರು ಮಾಡಿದೆ. ಅವರು ಪತ್ತೆ ಹಚ್ಚಿದವರನ್ನೇ ನೀವು ಮತ್ತೆ ಪತ್ತೆ ಹಚ್ಚುವುದು ದುಂದು, ಅವರ ಪಟ್ಟಿಯಿಂದ ಮುಂದಿನ ಹೆಜ್ಜೆ ಹಿಡಿಯಿರಿ. ಆಶಾ ಕಾರ್ಯಕರ್ತೆಯರಿಂದ ಕೆಲಸ ಮಾಡಿಸುವುದಾದರೆ ಅವರಿಗೆ ಕೊಡುವ ದುಡ್ಡೂ ಬಜೆಟ್ಟಿನಲ್ಲಿ ಇರಲಿ. “ಹೇಗೂ ಅವರು ಹೋಗುತ್ತಲೇ ಇರ್ತಾರಲ್ಲ” ಎಂಬ ಮಾತನ್ನು ಕಂಪನಿಯವರು ಆಡಿದರೂ ನೀವು ಆಡಬೇಡಿ.

ಮೊದಲ ಕಂತು ಏಪ್ರಿಲ್-ಮೇ ತಿಂಗಳಲ್ಲಿ ಬರುವುದು ಅಪರೂಪ, ಮಂಡಳಿಯ ಮಂಜೂರಾತಿ ಮುಗಿದು ಕೈಗೆ ಬರುವಾಗ ಮಳೆಗಾಲ ಕಳೆದಿರುತ್ತದೆ. ಹಾಗಾಗಿ ಎರಡನೇ ವರ್ಷದ ಮೊದಲ ನಾಲ್ಕು ತಿಂಗಳ ಸಂಬಳ ಎಲ್ಲಿಂದ ಎಂಬುದನ್ನು ಒಪ್ಪಂದದಲ್ಲೇ ಬಿಡಿಸಿಕೊಳ್ಳಿ. ಜೊತೆಗೆ ಇನ್ನೊಂದು ಕಲಮು ಸೇರಿಸಲು ಕೇಳಿ: ಕಂಪನಿ ಮುಂದುವರಿಸುವುದಿಲ್ಲ ಎಂದಾದರೆ ಮೂರು ತಿಂಗಳು ಮುಂಚೆ ಬರಹದಲ್ಲಿ ತಿಳಿಸಬೇಕು, ಆ ಮೂರು ತಿಂಗಳ ಸಂಬಳ ಕೊಡಬೇಕು. 900 ಜನರ ಕಾರ್ಡುಗಳನ್ನು ಹತ್ತಿರದ ಆರೋಗ್ಯ ಕೇಂದ್ರದ ಸಿಎಚ್‌ಓಗೆ (ಸಮುದಾಯ ಆರೋಗ್ಯಾಧಿಕಾರಿಗೆ) ಒಂದೊಂದಾಗಿ ಹೆಸರು ಹೇಳಿ ಒಪ್ಪಿಸಿಕೊಡಲು ಅಷ್ಟು ಸಮಯವಾದರೂ ಬೇಕು.